ಬಟನ್ ಅಣಬೆ ಎರಡೇ ದಿನಕ್ಕೆ ಲೋಳೆಯಾಗುತ್ತಿದ್ದರೆ

ತೊಳೆದು, ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಟ್ಟರೂ ಅಣಬೆ ಎರಡೇ ದಿನಕ್ಕೆ ಲೋಳೆಯಾಗುತ್ತದೆ ಅಂದಿದ್ದೀರಿ. ಕಾರಣ ಬಹುಶಃ ಒಳಗೇ ಉಳಿದ ನೀರು. ಅಣಬೆ ಕಿತ್ತ ಮೇಲೂ ಉಸಿರಾಡುತ್ತಿರುತ್ತದೆ, ಪ್ಯಾಕೆಟ್ಟಿನ ಪ್ಲಾಸ್ಟಿಕ್ ಒಳಬದಿಯಲ್ಲಿ ಹನಿ ಕಟ್ಟುವುದು ಅದಕ್ಕೇ. ತಂದ ಕೂಡಲೇ ಪ್ಲಾಸ್ಟಿಕ್ ಬಿಚ್ಚಿ, ಮೆತ್ತಗಾದವನ್ನು ಆರಿಸಿ ತೆಗೆಯಿರಿ. ಉಳಿದವನ್ನು ಒಣ ಬಟ್ಟೆಯಲ್ಲಿ ಒರೆಸಿ ಕಾಗದದ ಚೀಲಕ್ಕೆ ಹಾಕಿ. ಬಾಯಿ ಸಡಿಲವಾಗಿ ಮಡಚಿ ಫ್ರಿಜ್‌ನಲ್ಲಿಡಿ. ತೊಳೆಯುವುದು ಅಡುಗೆಗೆ ಮುಂಚೆ ಮಾತ್ರ. 4 ಡಿಗ್ರಿಯಲ್ಲಿ ಸಾಮಾನ್ಯವಾಗಿ 4-5 ದಿನ ಚೆನ್ನಾಗಿರುತ್ತದೆ. ಅಂಗಡಿಗೆ ಬಂದು ಎಷ್ಟು ದಿನವಾಗಿತ್ತು ಅನ್ನುವುದರ ಮೇಲೆ ಹೆಚ್ಚುಕಮ್ಮಿ ಆಗಬಹುದು.

ಬರೀ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದ್ದರೆ ಬಳಸಬಹುದು. ಲೋಳೆ ಅಥವಾ ಕೆಟ್ಟ ವಾಸನೆ ಬಂದರೆ ಎಸೆದುಬಿಡಿ, ಬೇಯಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಜಾಸ್ತಿ ದಿನ ಬೇಕಾದರೆ ಹೆಚ್ಚಿ, ಬಾಣಲೆಯಲ್ಲಿ ನೀರು ಇಂಗುವವರೆಗೆ ಬಾಡಿಸಿ, ಆರಿದ ಮೇಲೆ ಫ್ರೀಜರ್‌ನಲ್ಲಿಡಿ.