ಪೊಟರೆ ಎದುರು ನೀವು ನಿಂತಿದ್ದರೆ ಗಿಳಿ ಯಾಕೆ ಬರಬೇಕು?

ಗಿಳಿಗಳು ಗೂಡು ಹಿಡಿಯುವ ಕಾಲ ಬಂತೆಂದರೆ ಹಕ್ಕಿ ಫೋಟೊ ತೆಗೆಯುವವರಿಂದ ನನಗೆ ಬರುವ ಪ್ರಶ್ನೆಗಳೂ ಗಿಳಿಪಾಠದ ಹಾಗೆಯೇ ಇರುತ್ತವೆ. ಈ ಸಲ ಒಂದಕ್ಕೆ ಮಾತ್ರ ಸರಿಯಾಗಿ ಉತ್ತರ ಬರೆಯುತ್ತೇನೆ. ಉಳಿದವಕ್ಕೆ ಒಂದೆರಡು ಸಾಲು ಸಾಕು.

ಪ್ರಶ್ನೆ: ಒಣಮರದ ಪೊಟರೆಯಲ್ಲಿ ಕೊರಳಪಟ್ಟಿ ಇರುವ ಹಸಿರು ಗಿಳಿಗಳ ಜೋಡಿ ಗೂಡು ಮಾಡಿದೆ. 8 ಮೀಟರ್ ದೂರದಲ್ಲಿ ಟ್ರೈಪಾಡ್ ಇಟ್ಟು 3 ಗಂಟೆ ಕಾದೆ. ಗಂಡು ಪಕ್ಕದ ಕೊಂಬೆಗೆ ಬಂದು ಕೂಗಿ ಹೋಗುತ್ತದೆ, ಪೊಟರೆಗೆ ಬರುವುದೇ ಇಲ್ಲ. ನನ್ನ ಹತ್ತಿರ 500 ಎಂಎಂ ಲೆನ್ಸ್ ಇದೆ. ಯಾವ ಸೆಟ್ಟಿಂಗ್ ಇಡಬೇಕು?

ಸೆಟ್ಟಿಂಗ್ ಆಮೇಲೆ ನೋಡೋಣ. ಆ 3 ಗಂಟೆ ಒಳಗಿದ್ದ ಹೆಣ್ಣು ಉಪವಾಸ ಇತ್ತು, ಅದು ಗೊತ್ತಾಯಿತಾ?

ಈ ಜಾತಿಯಲ್ಲಿ ಕಾವಿಗೆ ಕೂರುವುದು ಹೆಣ್ಣು. ಸುಮಾರು 22ರಿಂದ 24 ದಿನ ಅದು ಹೊರಗೆ ಬರುವುದೇ ಕಡಿಮೆ. ಗಂಡು ತಿಂದು ಬಂದದ್ದನ್ನು ಕಕ್ಕಿ ಅದರ ಬಾಯಿಗೆ ಕೊಡಬೇಕು. ಪೊಟರೆಯ ಅಂಚಿಗೆ ಬಂದ ಗಂಡು ಬಾಲವನ್ನು ಕಾಂಡಕ್ಕೆ ಒತ್ತಿ, ಕತ್ತನ್ನು ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸುತ್ತದೆ. ಒಳಗಿನಿಂದ ಹೆಣ್ಣಿನ ಕೆಂಪು ಕೊಕ್ಕು ಮಾತ್ರ ಕಾಣುತ್ತದೆ. ಎರಡು ಕೊಕ್ಕು ಅಡ್ಡಡ್ಡ ಕಚ್ಚಿಕೊಳ್ಳುತ್ತವೆ. ನಿಮಗೆ ಬೇಕಾದ ಫೋಟೊ ಇದೇ ಅಲ್ವಾ? ನೀವು ಅಲ್ಲಿ ನಿಂತಿದ್ದಕ್ಕೇ ಅದು ನಡೆಯಲಿಲ್ಲ.

ಗಂಡು ಪಕ್ಕದ ಕೊಂಬೆಗೆ ಬಂದು ಒಂದೆರಡು ನಿಮಿಷ ಸುತ್ತ ನೋಡುವುದು ಸಹಜ. ನೋಡಿ ಪೊಟರೆಗೆ ಹೋದರೆ ಸರಿ. ಆದರೆ ಮೈಗರಿಯನ್ನೆಲ್ಲ ಒತ್ತಿಕೊಂಡು, ಕತ್ತು ಉದ್ದ ಮಾಡಿ, ಸೌತೆಕಾಯಿ ಹಾಗೆ ಸಪೂರವಾಗಿ ನಿಮ್ಮನ್ನೇ ನೋಡುತ್ತಾ ಕೂತರೆ ಅದು ಹೆದರಿದೆ ಅಂತ. ಕೂಗಿ, ಒಂದು ಸುತ್ತು ಹೊಡೆದು, ಮತ್ತೆ ಅದೇ ಕೊಂಬೆಗೆ ಬಂತೋ, ಟ್ರೈಪಾಡ್ ಮಡಚಿ. ನನ್ನ ಲೆಕ್ಕ 15 ನಿಮಿಷ. ಅಷ್ಟರಲ್ಲಿ ಹಕ್ಕಿ ಗೂಡಿಗೆ ಬರಲಿಲ್ಲವೆಂದರೆ ಆ ದಿನದ ಮಟ್ಟಿಗೆ ನನ್ನ ಕೆಲಸ ಮುಗಿಯಿತು. ಅತಿಯಾಯಿತು ಅನ್ನುವವರು ಅನ್ನಲಿ.

ನಾನೂ ಇದೇ ತಪ್ಪು ಮಾಡಿದವನೇ. ಹೊಸತರಲ್ಲಿ ಒಂದು ಬೆಳಿಗ್ಗೆ ಪೊಟರೆಯ ನೇರ ಎದುರಿಗೇ ನಿಂತುಬಿಟ್ಟೆ. ಹೆಣ್ಣು ಗಾಬರಿಯಾಗಿ ಹೊರಗೆ ಹಾರಿತು. ವಾಪಸು ಬರುವಷ್ಟರಲ್ಲಿ ಮೈನಾ ಜೋಡಿಯೊಂದು ಒಳಗೆ ಹುಲ್ಲು ತುರುಕುತ್ತಿತ್ತು. ಒಳ್ಳೆಯ ಪೊಟರೆ ಸಿಗುವುದು ಕಷ್ಟ. ಗಿಳಿಗಳು ಸಾಮಾನ್ಯವಾಗಿ ಮರಕುಟಿಗ ಬಿಟ್ಟುಹೋದ ತೂತನ್ನೇ ಕಡಿದು ದೊಡ್ಡದು ಮಾಡಿಕೊಳ್ಳುತ್ತವೆ. ಖಾಲಿ ಬಿದ್ದರೆ ಹೊಂಚು ಹಾಕುವವರು ಬೇಕಾದಷ್ಟಿದ್ದಾರೆ. ಆ ದಿನದ ಫೋಟೊಗಳು ಚೆನ್ನಾಗಿಯೇ ಬಂದಿವೆ. ಇವತ್ತಿನವರೆಗೆ ಯಾರಿಗೂ ತೋರಿಸಿಲ್ಲ.

ಈಗ ದೂರದ ಮಾತು. 500 ಎಂಎಂ ಲೆನ್ಸ್ ಇಟ್ಟುಕೊಂಡು 8 ಮೀಟರ್‌ಗೆ ಹೋದದ್ದೇಕೆ? ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ ಆ ಲೆನ್ಸ್‌ಗೆ 20 ಮೀಟರ್‌ನಿಂದ ಸುಮಾರು 1.4 ಮೀಟರ್ ಅಗಲದ ಜಾಗ ಕಾಣುತ್ತದೆ. ಹಕ್ಕಿ ಬಾಲ ಸೇರಿ 40 ಸೆಂಟಿಮೀಟರ್ ಆಸುಪಾಸು. ಹಕ್ಕಿ, ಪೊಟರೆ, ಒಂದಿಷ್ಟು ತೊಗಟೆ, ಎಲ್ಲ ಹಿಡಿಸುತ್ತದೆ. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್ ಆದರೆ 30 ಮೀಟರ್‌ನಿಂದಲೇ ಅಷ್ಟು ಸಿಗುತ್ತದೆ. ಪೊಟರೆಗೆ ಎದುರಾಗಿ ಬೇಡ, ಓರೆಯಾಗಿ ಕೂರಿ. ಎದುರಿನಿಂದ ಹಕ್ಕಿಯ ಬೆನ್ನು, ಬಾಲ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಗಂಡು ಬಂದು ಕೂರುವ ಕೊಂಬೆಯ ಕೆಳಗಂತೂ ಬೇಡವೇ ಬೇಡ.

ಸೆಟ್ಟಿಂಗ್ ಕೇಳಿದಿರಲ್ಲ. ಅಂಚಿನಲ್ಲಿ ಕೂತ ಹಕ್ಕಿಗೆ ಶಟರ್ 1/500 ಸೆಕೆಂಡ್ ಸಾಕು, ಹಾರಿ ಬರುವುದಕ್ಕೆ 1/2000ಕ್ಕಿಂತ ಕಡಿಮೆ ಬೇಡ. ಪೊಟರೆಯ ಅಂಚಿಗೆ ಮೊದಲೇ ಫೋಕಸ್ ಮಾಡಿಟ್ಟುಬಿಡಿ. ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬರುವ ಕಿಂಡಿ) ಎಫ್/5.6ರಲ್ಲಿದ್ದರೆ, 20 ಮೀಟರ್ ದೂರಕ್ಕೆ, ಫುಲ್ ಫ್ರೇಮ್‌ನಲ್ಲಿ ಸುಮಾರು ಅರ್ಧ ಮೀಟರ್ ಆಳ ಸ್ಪಷ್ಟವಾಗಿರುತ್ತದೆ. ಎಕ್ಸ್‌ಪೋಶರ್ ಮ್ಯಾನುಯಲ್‌ನಲ್ಲಿ ಇಡಿ. ಆಟೋದಲ್ಲಿ ಬಿಟ್ಟರೆ ಕಪ್ಪು ತೂತನ್ನೂ ಕಡುಬಣ್ಣದ ಕಾಂಡವನ್ನೂ ನೋಡಿ ಕ್ಯಾಮೆರಾ ಬೆಳಕು ಜಾಸ್ತಿ ಮಾಡುತ್ತದೆ. ಬಿಸಿಲಿನಲ್ಲಿರುವ ಹಸಿರು ಗರಿ ಆಗ ಸುಣ್ಣ ಬಳಿದ ಹಾಗೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಸಲಹೆ, ಈಗ ಹೋಗಲೇಬೇಡಿ. ಮರಿಗಳು ಪೊಟರೆಯಲ್ಲಿ 6-7 ವಾರ ಇರುತ್ತವೆ. ಐದನೇ ವಾರದ ಹೊತ್ತಿಗೆ ತಾವೇ ತಲೆ ಹೊರಗೆ ಹಾಕಲು ಶುರುಮಾಡುತ್ತವೆ. ಮೊಟ್ಟೆಗಳು ಒಂದೇ ದಿನ ಒಡೆಯುವುದಿಲ್ಲ, ಹಾಗಾಗಿ ಒಂದು ಮರಿ ದಪ್ಪ, ಇನ್ನೊಂದು ಸಣಕಲು. ಒಂದನ್ನೊಂದು ತಳ್ಳಿಕೊಂಡು ಇಣುಕುವ ಆ ಮುಖಗಳ ಫೋಟೊಗೆ ನೀವು ಏನೂ ಮಾಡಬೇಕಿಲ್ಲ, ದೂರದಲ್ಲಿ ಸುಮ್ನೆ ಕೂತರಾಯಿತು. ಆಗಲೂ ಹತ್ತಿರ ಹೋಗಬೇಡಿ. ಹೆದರಿದರೆ ರೆಕ್ಕೆ ಬಲಿಯುವ ಮೊದಲೇ ಹಾರಿ ನೆಲಕ್ಕೆ ಬೀಳುತ್ತವೆ.

ಪ್ರಶ್ನೆ: ಶಿಬಿರಕ್ಕೆ ಕರೆದುಕೊಂಡು ಹೋದವರು ಮರಕ್ಕೆ ಕಲ್ಲಿನಿಂದ ತಟ್ಟಿ ಗಿಳಿಯನ್ನು ಹೊರಗೆ ಬರಿಸಿದರು. ಇದರಿಂದ ತೊಂದರೆಯಿಲ್ಲ ಅನ್ನುತ್ತಾರೆ, ಹೌದೇ?

ನಿಮ್ಮ ಮನೆ ಗೋಡೆಗೆ ಯಾರಾದರೂ ಕಲ್ಲಿನಿಂದ ಗುದ್ದಿದರೆ ನೀವೂ ಹೊರಗೆ ಬರುತ್ತೀರಿ. ಹೆಣ್ಣು ಗಡಬಡಿಸಿ ಎದ್ದಾಗ ಮೊಟ್ಟೆ ಒಡೆಯಬಹುದು, ಬೋಳು ಮರಿಗೆ ಉಗುರು ತಾಗಬಹುದು. ದುಡ್ಡು ತೆಗೆದುಕೊಂಡು ಇದನ್ನು ಕಲಿಸುವವರನ್ನು ಗುರು ಅನ್ನಬೇಡಿ. ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯುವವರಿಗೂ ಇದೇ ಉತ್ತರ.

ಪ್ರಶ್ನೆ: ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಟ್ಟುಬಿಡುತ್ತದಂತೆ?

ಇದು ಅಜ್ಜಿಕತೆ. ಕೈವಾಸನೆಗೆ ಮರಿ ಬಿಡುವುದಿಲ್ಲ. ಗೂಡಿನ ಹತ್ತಿರ ಪದೇಪದೇ ಗಲಾಟೆಯಾದರೆ ಬಿಡಬಹುದು. ಹಾಗಂತ ಏಣಿ ಹಾಕಬೇಡಿ. ಮರಿ ಕೆಳಗೆ ಬಿದ್ದಿದ್ದರೆ ವನ್ಯಜೀವಿ ರಕ್ಷಕರನ್ನು ಕರೆಯಿರಿ, ಅವರು ಬರುವವರೆಗೆ ಹಾಲು ಕುಡಿಸಬೇಡಿ. ಹಕ್ಕಿಗೆ ಹಾಲು ಆಗಿಬರುವುದಿಲ್ಲ.

ಪ್ರಶ್ನೆ: ಪೊಟರೆಗೆ ಅಡ್ಡ ಬಂದಿರುವ ಸಣ್ಣ ಕೊಂಬೆ ಕತ್ತರಿಸಬಹುದೇ?

ಇಲ್ಲ. ನಿಮಗೆ ಅಡ್ಡವಾದ ಎಲೆ ಕಾಗೆಗೂ ಅಡ್ಡ.

ಪ್ರಶ್ನೆ: ಫ್ಲ್ಯಾಶ್? ಡ್ರೋನ್?

ಎರಡೂ ಬೇಡ. ಮುಂದಿನ ಸಲ ಕೇಳಬೇಡಿ.

ಪ್ರಶ್ನೆ: ಫೋಟೊ ಹಾಕುವಾಗ ಜಾಗದ ಹೆಸರು ಬರೆಯದಿದ್ದರೆ ಸಾಕಲ್ಲವೇ?

ಸಾಲದು. ಫೋನಿನಲ್ಲಿ ತೆಗೆದ ಚಿತ್ರದಲ್ಲಿ ಜಿಪಿಎಸ್ ಮಾಹಿತಿ ಅಡಗಿರಬಹುದು, ಅದನ್ನು ಅಳಿಸಿ. ಹಿಂದೆ ಕಾಣುವ ನೀರಿನ ಟ್ಯಾಂಕು, ಗೋಪುರ, ಬೋರ್ಡು ನೋಡಿದರೂ ಜಾಗ ಗೊತ್ತಾಗುತ್ತದೆ. ಮರಿಗಳನ್ನು ಕದ್ದು ಮಾರುವವರು ಇವನ್ನೆಲ್ಲ ನಮಗಿಂತ ಚೆನ್ನಾಗಿ ನೋಡುತ್ತಾರೆ. ಕೈ ಹೋಗದಿದ್ದರೆ ಪೊಟರೆಯನ್ನೇ ಸೀಳುತ್ತಾರೆ. ಸೀಳಿದ ಪೊಟರೆಗೆ ಗಿಳಿ ಮತ್ತೆ ಬರುವುದಿಲ್ಲ. ನಾನಂತೂ ಮರಿಗಳು ಹಾರಿಹೋಗಿ ತಿಂಗಳಾದ ಮೇಲೆಯೇ ಚಿತ್ರ ಹೊರಗೆ ಬಿಡುವುದು.