ಗೀಟು ಹಾಕದ ನಾಲ್ಕು ದಿನ

ಬೆಟಗೇರಿಯ ಓದುಗರೊಬ್ಬರು ಎಂಟು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿರುವುದರಿಂದ ಸಾರವನ್ನಷ್ಟೇ ಕೊಡುತ್ತೇನೆ. ಅವರ ಯಜಮಾನರು ಕೈಮಗ್ಗದ ನೇಕಾರರು. ಇಪ್ಪತ್ತು ವರ್ಷ ಕುಡಿದು, ಕೊನೆಗೆ ಧಾರವಾಡದಲ್ಲಿ ಆಸ್ಪತ್ರೆಗೆ ಸೇರಿ ಬಿಟ್ಟವರು. ಬಿಟ್ಟಂದಿನಿಂದ ಪ್ರತಿ ರಾತ್ರಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಂದಿನ ತಾರೀಖಿನ ಮೇಲೆ ಪೆನ್ಸಿಲಿನಿಂದ ಒಂದು ಗೀಟು ಎಳೆದು ಮಲಗುತ್ತಿದ್ದರಂತೆ. ಹಾಗೆ ಒಂಬತ್ತು ವರ್ಷ. ಹದಿನಾಲ್ಕು ತಿಂಗಳ ಹಿಂದೆ ಹೃದಯಾಘಾತದಿಂದ ತೀರಿಕೊಂಡರು. ಅಂದಿನಿಂದ ಗೀಟು ಎಳೆಯುವ ಕೆಲಸವನ್ನು ಇವರು ವಹಿಸಿಕೊಂಡರು. ಕಳೆದ ತಿಂಗಳು ಒಂದು ಮುಂಜಾನೆ ರೊಟ್ಟಿ ಬಡಿಯುತ್ತಾ ತಲೆಯೆತ್ತಿ ನೋಡಿದರೆ ನಾಲ್ಕು ದಿನಗಳಿಂದ ಗೀಟೇ ಇಲ್ಲ. ಆ ನಾಲ್ಕೂ ರಾತ್ರಿ ಒಳ್ಳೆಯ ನಿದ್ದೆ ಬಂದಿತ್ತು. “ನನಗೆ ಸಮಾಧಾನ ಸಿಕ್ಕಿತೋ, ನಾನು ಅವರಿಗೆ ಎರಡು ಬಗೆದೆನೋ, ನೀವೇ ಹೇಳಿ” ಎಂದು ಕೇಳಿದ್ದಾರೆ.

ಅಕ್ಕಾವರೇ,

ನಿಮ್ಮ ಪತ್ರಕ್ಕೆ ಉತ್ತರಿಸಲು ಮೂರು ವಾರ ಬೇಕಾಯಿತು. ಪ್ರತಿ ಸಲ ಓದಿದಾಗಲೂ ನನ್ನ ತಮ್ಮ ನೆನಪಾಗಿ ಪತ್ರ ಮಡಿಚಿಡುತ್ತಿದ್ದೆ. ಅವನ ವಿಷಯವನ್ನು ಈ ಪುಟಗಳಲ್ಲಿ ಎಂದೂ ಬರೆದವನಲ್ಲ. ಇಂದು ಬರೆಯುತ್ತೇನೆ.

ಅವನೂ ಕುಡಿಯುತ್ತಿದ್ದ. ನಮ್ಮ ಕಡೆ ಶ್ರಾವಣ ಬಂದರೆ ಎಷ್ಟೋ ಜನ ಕುಡಿತ ಬಿಡುತ್ತಾರಲ್ಲ, ಹಾಗೆ ಒಂದು ಶ್ರಾವಣದ ಮೊದಲ ಸೋಮವಾರ ಅವ್ವನ ಕಾಲು ಮುಟ್ಟಿ ಇನ್ನು ಮುಟ್ಟುವುದಿಲ್ಲ ಎಂದ. ಮನೆಯಲ್ಲಿ ಹೋಳಿಗೆ ಮಾಡಿದೆವು. ಮರುದಿನ ಕೈ ನಡುಗತೊಡಗಿತು. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳಗಳು ಹರಿದಾಡುತ್ತಿವೆ ಎಂದು ಕೂಗಿದ, ನನ್ನನ್ನೇ ಯಾರು ಎಂದು ಕೇಳಿದ. ಗಾಳಿ ಸೋಕಿದೆ ಎಂದು ಹಿರಿಯರೊಬ್ಬರು ಹೇಳಿದರು, ನಾವು ವಿಭೂತಿ ಹಚ್ಚಿ ಬೆಳಗಿನವರೆಗೆ ಕಾದೆವು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎರಡು ಸಲ ಫಿಟ್ಸ್ ಬಂದಿತ್ತು. ಐದನೆಯ ದಿನ ಹೋದ.

ವರ್ಷಗಟ್ಟಲೆ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು ಎಂಬುದು ಆಗ ನಮಗೆ ಗೊತ್ತಿರಲಿಲ್ಲ. ಮದ್ಯಕ್ಕೆ ಹೊಂದಿಕೊಂಡ ಮಿದುಳು ಅದು ತಟ್ಟನೆ ನಿಂತಾಗ ಹದ ತಪ್ಪಿ ಕೆರಳುತ್ತದೆ. ಫಿಟ್ಸ್ ಬರುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಇಲ್ಲದ್ದನ್ನು ಕಾಣುವುದು, ಮೈ ಬೆವರುವುದು, ಗುರುತು ತಪ್ಪುವುದು ಮೂರನೆಯ ದಿನದ ಆಸುಪಾಸಿನಲ್ಲಿ. ಇದಕ್ಕೆ ಔಷಧವಿದೆ, ಬಿ1 ಜೀವಸತ್ವದ ಚುಚ್ಚುಮದ್ದು ಇದೆ, ವೈದ್ಯರ ಕಣ್ಣಳತೆಯಲ್ಲಿ ಸುರಕ್ಷಿತವಾಗಿ ಬಿಡಬಹುದು. ಈ ಸಂಚಿಕೆ ಓದುವ ಯಾರದಾದರೂ ಮನೆಯಲ್ಲಿ ನಿತ್ಯ ಕುಡಿಯುವವರು ಬಿಡುತ್ತೇನೆಂದರೆ, ದಯವಿಟ್ಟು ಮೊದಲು ವೈದ್ಯರ ಬಳಿಗೆ ಕರೆದೊಯ್ಯಿರಿ. ಅಕ್ಕಾವರೇ, ನೀವು ಮಾಡಿದ್ದು ಅದನ್ನೇ. ನಡುಗುವ ಗಂಡನನ್ನು ಕೈಹಿಡಿದು ಬಸ್ಸಿಗೆ ಹತ್ತಿಸಿದೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಆ ಸಾಲಿನ ಮೇಲೆಯೇ ನಿಂತುಬಿಟ್ಟೆ.

ಇನ್ನು ನಿಮ್ಮ ಪ್ರಶ್ನೆ. ತಮ್ಮ ಹೋದ ಎಂಟನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಸಂಚಿಕೆಯೊಂದರ ಕರಡು ತಿದ್ದುತ್ತಿದ್ದೆ. ಹನ್ನೆರಡು ಪುಟ ಮುಗಿಸಿ ಕನ್ನಡಕ ತೆಗೆದಾಗ ಹೊಳೆಯಿತು: ಅಷ್ಟು ಹೊತ್ತೂ ಅವನ ನೆನಪೇ ಬಂದಿರಲಿಲ್ಲ. ಎದೆ ಧಸಕ್ಕೆಂದಿತು. ಅಂದು ಸಂಜೆ ಕೆಲಗೇರಿ ಕೆರೆಯ ದಂಡೆಗೆ ಹೋಗಿ ಕುಳಿತು ಅವನ ಕ್ಷಮೆ ಕೇಳಿದೆ. ಆದ್ದರಿಂದ ನಿಮಗಾದ ಅಳುಕನ್ನು ಬಲ್ಲೆ.

ಆಮೇಲೆ ಓದುತ್ತಾ ಹೋದಾಗ ತಿಳಿದದ್ದು ಹೇಳುತ್ತೇನೆ. ದುಃಖಕ್ಕೆ ಐದು ಮೆಟ್ಟಿಲು, ಒಂದೊಂದಾಗಿ ಇಳಿದರೆ ಮುಗಿಯಿತು ಎನ್ನುವ ಮಾತು ಬಹಳ ಕೇಳಿಬರುತ್ತದೆ. 1969ರಲ್ಲಿ ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅದನ್ನು ಬರೆದದ್ದು ಸಾವಿನ ಹಾಸಿಗೆಯಲ್ಲಿದ್ದ ರೋಗಿಗಳೊಂದಿಗೆ ಮಾತಾಡಿ. ಹಿಂದೆ ಉಳಿದವರಿಗೆ ಅನ್ವಯಿಸಿದ್ದು ಆನಂತರ. ನನಗೆ ಅದಕ್ಕಿಂತ ಹತ್ತಿರವೆನಿಸಿದ್ದು ನೆದರ್ಲೆಂಡ್ಸಿನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ 1999ರಲ್ಲಿ ಮುಂದಿಟ್ಟ ವಿಚಾರ. ಮನಸ್ಸು ಒಮ್ಮೆ ಹೋದವರ ಕಡೆಗೆ, ಒಮ್ಮೆ ಇರುವ ಬದುಕಿನ ಕಡೆಗೆ ಹೋಗಿಬರುತ್ತಿರುತ್ತದೆ, ದುಃಖದಿಂದ ಆಗಾಗ ಸಿಗುವ ಬಿಡುವೂ ದುಃಖಿಸುವುದರದೇ ಒಂದು ಭಾಗ ಎನ್ನುತ್ತಾರೆ ಅವರು. ನಿಮ್ಮ ಮನೆಯಲ್ಲಿ ಲಾಳಿ ಆಡುವುದನ್ನು ಜೀವಮಾನವಿಡೀ ನೋಡಿದವರು ನೀವು, ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಆ ನಾಲ್ಕು ರಾತ್ರಿ ನೀವು ಯಾರಿಗೂ ಎರಡು ಬಗೆಯಲಿಲ್ಲ.

“ವರ್ಷದ ಕಾರ್ಯ ಮುಗಿಯಿತು, ಇನ್ನೂ ಅಳುವುದು ರೋಗ” ಎಂದು ನಿಮ್ಮ ನಾದಿನಿ ಹೇಳಿದ್ದಕ್ಕೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಶೋಕವನ್ನು ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿರುವುದು ನಿಜ. ಆದರೆ ತಿಂಗಳುಗಳ ಲೆಕ್ಕವೊಂದರಿಂದಲೇ ಅದು ಕಾಯಿಲೆಯಾಗುವುದಿಲ್ಲ. ತೀವ್ರ ಸಂಕಟ ಕನಿಷ್ಠ ಆರು ತಿಂಗಳು ಬಿಡದೆ ಕಾಡಿ, ನಿತ್ಯದ ಬದುಕಿಗೇ ದೊಡ್ಡ ತೊಡಕಾಗಿರಬೇಕು. ನೀವು ರೊಟ್ಟಿ ಬಡಿಯುತ್ತಿದ್ದೀರಿ, ಮೊಮ್ಮಗಳಿಗೆ ಜಡೆ ಹಾಕುತ್ತಿದ್ದೀರಿ, ಎಂಟು ಪುಟ ಬರೆದಿದ್ದೀರಿ. ಹಾಗಿದ್ದೂ ಒಂದು ದಿನ ಬದುಕೇ ಬೇಡವೆನ್ನಿಸಿದರೆ ತಡಮಾಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ದಾರಿಯಂತೂ ನಿಮಗೆ ಗೊತ್ತೇ ಇದೆ.

ಗೀಟು ಮುಂದುವರಿಸಲೇ ಎಂದು ಕೊನೆಯ ಪುಟದಲ್ಲಿ ಕೇಳಿದ್ದೀರಿ. ಮನಸ್ಸಾದ ರಾತ್ರಿ ಎಳೆಯಿರಿ, ಮರೆತ ರಾತ್ರಿ ಮಲಗಿ. ಬಿಟ್ಟುಹೋದ ನಾಲ್ಕು ತಾರೀಖುಗಳ ಮೇಲೆ ಈಗ ಹೊಸದಾಗಿ ಗೀಟು ಎಳೆಯಲು ಮಾತ್ರ ಹೋಗಬೇಡಿ, ಅವು ಹಾಗೆಯೇ ಖಾಲಿ ಇರಲಿ.

ಹಳೆಯ ಕ್ಯಾಲೆಂಡರುಗಳನ್ನು ಯಜಮಾನರು ಟ್ರಂಕಿನಲ್ಲಿ ಸುತ್ತಿಟ್ಟಿದ್ದರು ಎಂದಿದ್ದೀರಿ. ಮುಂದಿನ ತಿಂಗಳು ಗದಗಿಗೆ ಬರುವುದಿದೆ. ನಿಮ್ಮ ಒಪ್ಪಿಗೆಯಿದ್ದರೆ ಬೆಟಗೇರಿಗೂ ಬಂದು ಅವುಗಳನ್ನು ಒಮ್ಮೆ ನೋಡಬೇಕು. ನನ್ನ ತಮ್ಮನಿಗೆ ಸಿಕ್ಕಿದ್ದು ಐದು ದಿನ. ಒಂಬತ್ತು ವರ್ಷದ ಗೀಟುಗಳು ಹೇಗೆ ಕಾಣುತ್ತವೆ ಎಂಬುದನ್ನು ನಾನು ಕಣ್ಣಾರೆ ನೋಡಬೇಕು.