ನಡೆಯೋಕೆ ಕಷ್ಟ ಇರೋ ಅಮ್ಮನ್ನ ಇಂಗ್ಲೆಂಡಲ್ಲಿ ಪೇಟೆ ಸುತ್ತಿಸೋದು ಹೇಗೆ, ವೀಲ್‌ಚೇರ್ ಕೊಂಡ್ಕೋಬೇಕಾ?

ಮೂರು ತಿಂಗಳಿಗೆ ಬರ್ತಿದ್ದಾರೆ, ಮಂಡಿ ನೋವು, ಹತ್ತು ನಿಮಿಷದ ಮೇಲೆ ನಡೆಯೋಕಾಗಲ್ಲ ಅಂತ ಬರ್ದಿದೀರಿ. ವೀಲ್‌ಚೇರ್ ಕೊಳ್ಳೋಕೆ ಹೋಗ್ಬೇಡಿ. ನಿಮ್ಮೂರಲ್ಲಿ ಶಾಪ್‌ಮೊಬಿಲಿಟಿ, ಅಂದ್ರೆ ನಡೆಯೋಕೆ ಕಷ್ಟ ಇರೋರಿಗೆ ಪೇಟೆ ಸುತ್ತೋಕೆ ವೀಲ್‌ಚೇರ್, ಸ್ಕೂಟರ್ ಕೊಡೋ ಸೇವೆ, ಇದೆಯಾ ಅಂತ ಮೊದಲು ನೋಡಿ. ಇಲ್ಲಿ ಎಷ್ಟೋ ವರ್ಷದಿಂದ ಇರೋ ನಮ್ಮವರಿಗೇ ಇದರ ವಿಷಯ ಗೊತ್ತಿರಲ್ಲ, ಅದು ನನಗೆ ತುಂಬಾ ಬೇಜಾರಿನ ಸಂಗತಿ.

ಟೌನ್ ಸೆಂಟರಲ್ಲೇ ಒಂದು ಚಿಕ್ಕ ಆಫೀಸ್ ಇರುತ್ತೆ, ಸಾಮಾನ್ಯವಾಗಿ ಶಾಪಿಂಗ್ ಸೆಂಟರ್‌ನ ಕಾರ್ ಪಾರ್ಕಲ್ಲೋ ಬಸ್ ಸ್ಟೇಷನ್ ಹತ್ರಾನೋ. ಅಲ್ಲಿ ತಳ್ಳೋ ವೀಲ್‌ಚೇರ್, ಬ್ಯಾಟರಿ ವೀಲ್‌ಚೇರ್, ಕೂತ್ಕೊಂಡು ಓಡಿಸೋ ಮೊಬಿಲಿಟಿ ಸ್ಕೂಟರ್ ಎಲ್ಲಾ ಇಟ್ಟಿರ್ತಾರೆ, ತಗೊಂಡು ಸುತ್ತಾಡಿ ಆಫೀಸ್ ಮುಚ್ಚೋದ್ರೊಳಗೆ ವಾಪಸ್ ಕೊಡೋದು. ಮೊದಲು ಶುರುವಾಗಿದ್ದು ಮಿಲ್ಟನ್ ಕೀನ್ಸ್ ಅನ್ನೋ ಊರಲ್ಲಿ, 40 ವರ್ಷದ ಮೇಲಾಯ್ತು. ಕೆಲವು ಊರಲ್ಲಿ ಚಾರಿಟಿ ನಡೆಸುತ್ತೆ, ಕೆಲವು ಕಡೆ ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ), ಕೆಲವು ಕಡೆ ಶಾಪಿಂಗ್ ಸೆಂಟರ್‌ನವರೇ, ಹಾಗಾಗಿ ದುಡ್ಡೂ ರೂಲ್ಸೂ ಎಲ್ಲಾ ಕಡೆ ಒಂದೇ ಥರ ಇಲ್ಲ. ಕೆಲವು ಕಡೆ ಫ್ರೀ, ಕೆಲವು ಕಡೆ ಒಂದಿಷ್ಟು ಪೌಂಡು ಬಾಡಿಗೆ, ಜೊತೆಗೆ ಡೆಪಾಸಿಟ್ಟೋ ಮೆಂಬರ್‌ಶಿಪ್ಪೋ ಇರಬಹುದು. ಮೊದಲ ಸಲ ಹೋದಾಗ ಹೆಸರು ರಿಜಿಸ್ಟರ್ ಮಾಡ್ಕೋತಾರೆ, ಅಮ್ಮನ ಪಾಸ್‌ಪೋರ್ಟು, ನಿಮ್ಮ ಮನೆ ವಿಳಾಸ ಇರೋ ಒಂದು ಬಿಲ್ಲು ಇಟ್ಕೊಂಡು ಹೋಗಿ.

ಬ್ಲೂ ಬ್ಯಾಡ್ಜ್ (ಅಂಗವಿಕಲರಿಗೆ ಕೊಡೋ ಪಾರ್ಕಿಂಗ್ ಕಾರ್ಡು) ಇಲ್ವಲ್ಲ ಅಂತ ಚಿಂತೆ ಬೇಡ, ಸಾಮಾನ್ಯವಾಗಿ ಅದನ್ನ ಕೇಳಲ್ಲ. ಕಾಲು ಮುರಿದು ಪ್ಲಾಸ್ಟರ್ ಹಾಕ್ಕೊಂಡೋರು, ಆಪರೇಷನ್ ಆದೋರು, ವಯಸ್ಸಾಗಿ ಸುಸ್ತಾಗೋರು, ಎಲ್ರೂ ಬಂದು ತಗೊಂಡು ಹೋಗ್ತಾರೆ.

ನಾನು ಒತ್ತಿ ಹೇಳ್ಬೇಕು ಅನ್ನೋದು ಏನಂದ್ರೆ, ಅಮ್ಮನಿಗೆ ಕಣ್ಣು ಚೆನ್ನಾಗಿದ್ದು ಕೈ ಗಟ್ಟಿ ಇದ್ರೆ ತಳ್ಳೋ ಚೇರ್ ಬೇಡ, ಸ್ಕೂಟರೇ ಕೊಡಿಸಿ. ತಳ್ಳೋ ಚೇರಲ್ಲಿ ಕೂತ್ರೆ ನೀವು ಎಲ್ಲಿಗೆ ತಳ್ತೀರೋ ಅಲ್ಲಿಗೇ ಅವರು, ಒಂದು ಅಂಗಡಿ ಮುಂದೆ ನಿಲ್ಸು ಅನ್ನೋಕೂ ಸಂಕೋಚ ಪಡ್ತಾರೆ, ಮಗನಿಗೆ ಕಷ್ಟ ಕೊಡ್ತಿದೀನಿ ಅನ್ನೋದೇ ತಲೇಲಿರುತ್ತೆ. ನಮ್ಮತ್ತೆ ವೀಲ್‌ಚೇರ್ ಅಂದ ತಕ್ಷಣ "ನಾನೇನು ರೋಗಿನಾ" ಅಂತ ಮುಖ ತಿರುಗಿಸಿದ್ರು, ಸ್ಕೂಟರ್ ತೋರಿಸಿದ್ಮೇಲೆ ಒಪ್ಕೊಂಡು, ತಾವಾಗೇ ಮಾರ್ಕೆಟ್ಟಿಗೆ ತಿರುಗಿಸ್ಕೊಂಡು ಹೋಗಿ ಹೂವಿನ ಗಿಡದ ಅಂಗಡಿ ಮುಂದೆ ಅವರಿಗೆ ಬೇಕಾದಷ್ಟು ಹೊತ್ತು ನಿಂತ್ರು, ನಾವು ಹಿಂದೆ ಹಿಂದೆ ಹೋದ್ವಿ. ಆ ಸ್ವಾತಂತ್ರ್ಯ ಬೇರೇನೇ.

ಓಡಿಸೋದು ಕಷ್ಟ ಇಲ್ಲ, ಲೈಸೆನ್ಸ್ ಬೇಕಾಗಿಲ್ಲ. ಹ್ಯಾಂಡಲ್ ಹತ್ರ ಇರೋ ಲಿವರ್ ಒತ್ತಿದ್ರೆ ಹೋಗುತ್ತೆ, ಕೈ ಬಿಟ್ರೆ ತಾನೇ ಬ್ರೇಕ್ ಬೀಳುತ್ತೆ. ಸ್ಪೀಡ್ ತಿರುಗಿಸೋ ಗುಂಡಿ ಪಕ್ಕ ಎಷ್ಟೋ ಸ್ಕೂಟರಲ್ಲಿ ಆಮೆ, ಮೊಲದ ಚಿತ್ರ ಇರುತ್ತೆ, ಆಮೆ ಕಡೆಗೇ ಇಟ್ಟು ಶುರು ಮಾಡ್ಸಿ. ಫುಟ್‌ಪಾತ್ ಮೇಲೆ ಗಂಟೆಗೆ 4 ಮೈಲಿಗಿಂತ ಜೋರಾಗಿ ಹೋಗೋ ಹಾಗಿಲ್ಲ, ಅಂದ್ರೆ ಬಿರುಸಾಗಿ ನಡೆಯೋರ ಸ್ಪೀಡು. ಆಫೀಸಿನವರೇ ಹೇಳ್ಕೊಟ್ಟು ಓಡಿಸಿ ನೋಡಿಸ್ತಾರೆ, ಅಮ್ಮನಿಗೆ ಇಂಗ್ಲಿಷ್ ಬರದಿದ್ರೆ ನೀವು ಪಕ್ಕದಲ್ಲಿ ನಿಂತು ನಿಧಾನವಾಗಿ ಕನ್ನಡದಲ್ಲಿ ಹೇಳಿ, ಅವಸರ ಮಾಡ್ಬೇಡಿ. ರಸ್ತೆ ದಾಟುವಾಗ ಫುಟ್‌ಪಾತ್ ಇಳಿಜಾರಾಗಿರೋ ಜಾಗದಲ್ಲೇ ನೇರವಾಗಿ ಇಳೀಬೇಕು, ಓರೆಯಾಗಿ ಇಳಿದ್ರೆ ವಾಲುತ್ತೆ. ಸ್ಕೂಟರ್ ಮೇಲೆ ಹತ್ತಿ ಕೂರುವಾಗ, ಅದರಿಂದ ಕೆಳಗೆ ಇಳಿಯುವಾಗ ಕೀ ಆಫ್ ಆಗಿರ್ಲಿ. ಸೀರೆ ಉಡೋರಾದ್ರೆ ಸೆರಗು, ಶಾಲು ಎಲ್ಲಾ ಸಿಕ್ಕಿಸ್ಕೊಂಡು ಕೂರ್ಲಿ, ಹಿಂದಿನ ಚಕ್ರಕ್ಕೆ ಸಿಗೋ ಅಪಾಯ ಇದೆ, ಇದನ್ನ ಅಲ್ಲಿನವರು ಹೇಳದೇ ಇರಬಹುದು.

ಅಂಗವಿಕಲರ ಟಾಯ್ಲೆಟ್ಟು ಎಷ್ಟೋ ಕಡೆ ಬೀಗ ಹಾಕಿರುತ್ತೆ, ಅದಕ್ಕೆ ರಾಡಾರ್ ಕೀ ಅಂತ ಒಂದೇ ಬೀಗದ ಕೈ ದೇಶದಲ್ಲೆಲ್ಲಾ ನಡೆಯುತ್ತೆ, ಸ್ವಲ್ಪ ದುಡ್ಡಿಗೆ ಸಿಗುತ್ತೆ, ತಗೊಂಡಿರಿ. ಟಾಯ್ಲೆಟ್ಟಿನ ಭಯಕ್ಕೇ ನಮ್ಮ ಹಿರಿಯರು ನೀರು ಕುಡಿಯದೇ ಹೊರಗೆ ಬರ್ತಾರೆ.

ಹೋಗೋ ಮೊದಲು ಫೋನ್ ಮಾಡಿ ಬುಕ್ ಮಾಡಿ. ಎಷ್ಟೋ ಕಡೆ ಭಾನುವಾರ ಇರಲ್ಲ, ಶನಿವಾರ ಸ್ಕೂಟರೆಲ್ಲಾ ಬೇಗ ಖಾಲಿ, ಕೌನ್ಸಿಲ್‌ಗಳು ದುಡ್ಡು ಕಡಿತ ಮಾಡಿ ಕೆಲವು ಊರಲ್ಲಿ ಮುಚ್ಚೇ ಹೋಗಿದೆ, ಇಂಥದ್ದನ್ನ ಮುಚ್ಚಬಾರದಿತ್ತು. ಗಾಡಿಗೆ ತೂಕದ ಮಿತಿ ಇರೋದ್ರಿಂದ ಅಮ್ಮನ ತೂಕ ಕೇಳ್ತಾರೆ, ತಿಳ್ಕೊಂಡಿರಿ. ನಿಮ್ಮೂರಲ್ಲಿ ಇಲ್ಲ ಅಂದ್ರೆ ಪಕ್ಕದ ದೊಡ್ಡ ಊರು ವಿಚಾರಿಸಿ, ಅಥವಾ ಬ್ರಿಟಿಷ್ ರೆಡ್ ಕ್ರಾಸ್‌ನವರು ಕೆಲವು ವಾರಕ್ಕೆ ಅಂತ ತಳ್ಳೋ ವೀಲ್‌ಚೇರ್ ಕೊಡ್ತಿದ್ರು, ಈಗಲೂ ಕೊಡ್ತಾರಾ ಅಂತ ಕೇಳಿ ನೋಡಿ.